ಹೆಲಿಯೋಸ್ 44-2 ಲೆನ್ಸ್: ತೀರ್ಥಹಳ್ಳಿ ಕಡೆ ಮೂರು ಮಳೆಗಾಲ ಕಳೆದ ಮೇಲೆ

ಈ ಹಳೇ ಸೋವಿಯತ್ ಲೆನ್ಸಿನ ವಿಷಯ ಬಂದರೆ ಎಲ್ಲರೂ ಬೊಕೆ, ಅಂದರೆ ಹಿನ್ನೆಲೆಯ ಮಸುಕಿನ ಬಗ್ಗೆಯೇ ಮಾತಾಡುತ್ತಾರೆ. ಹಿಂದಿನ ಎಲೆಗಳು ಸುರುಳಿ ಸುತ್ತಿದ ಹಾಗೆ ಕಾಣುತ್ತವಲ್ಲ, ಅದರ ಬಗ್ಗೆ. ಅದನ್ನು ಆಮೇಲೆ ಹೇಳುತ್ತೇನೆ. ನನಗೆ ಈ ಲೆನ್ಸ್ ಹಿಡಿಸಿದ್ದು ಮುಂಭಾಗದಲ್ಲಿರುವ ಎರಡು ರಿಂಗ್‌ಗಳಿಂದ.

ನಮ್ಮದು ಹಳೇ ಹಂಚಿನ ಮನೆ. ಮಧ್ಯಾಹ್ನವೂ ಒಳಗೆ ಅರೆಗತ್ತಲೆ. ಅಡಿಕೆ ಸುಲಿಯುವ ಕಾಲದಲ್ಲಿ ಒಂದು ಕಿರುಚಿತ್ರ ಮಾಡಿದೆವು. ಅದರಲ್ಲಿ ದೊಡ್ಡಮ್ಮ ಸುಲಿದ ಅಡಿಕೆಯ ಬುಟ್ಟಿ ಹೊತ್ತು ನಡುಮನೆಯಿಂದ ಜಗಲಿ ದಾಟಿ, ಅಂಗಳದ ಚಪ್ಪರದ ಕೆಳಗಿರುವ ಹಂಡೆಯ ಹತ್ತಿರ ಬರಬೇಕು. ನಡುವೆ ಕಟ್ ಬೇಡ ಅಂತ ನನ್ನ ಹಟ. ಕ್ಯಾಮೆರಾದ ಆಟೋಗೆ ಬಿಟ್ಟರೆ ಬಾಗಿಲು ದಾಟಿದ ಕೂಡಲೇ ಚಿತ್ರ ಪೂರ್ತಿ ಬೆಳ್ಳಗಾಗಿ, ಮತ್ತೆ ತಡಬಡಿಸಿ ಸರಿಯಾಗುತ್ತಿತ್ತು. ಕ್ಯಾಮೆರಾ ಜೊತೆ ಬಂದ ಲೆನ್ಸಿನಲ್ಲಿ ಅಪರ್ಚರನ್ನು (ಬೆಳಕು ಒಳಬರುವ ಕಿಂಡಿಯನ್ನು) ಕೈಯಿಂದ ಬದಲಿಸಿದರೆ ಬೆಳಕು ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಹಂತವಾಗಿ ಇಳಿಯುತ್ತಿತ್ತು. ಯಾರೋ ಸ್ವಿಚ್ ಒತ್ತಿದರು ಅಂತ ನೋಡುವವರಿಗೆ ಗೊತ್ತಾಗಿಬಿಡುತ್ತದೆ.

ಹೆಲಿಯೋಸ್‌ನಲ್ಲಿ ಅಪರ್ಚರಿಗೇ ಎರಡು ರಿಂಗ್. 2 ಅಂದರೆ ಪೂರ್ತಿ ತೆರೆದದ್ದು, ಅಂಕಿ ಹೆಚ್ಚಾದಷ್ಟೂ ಕಿಂಡಿ ಚಿಕ್ಕದು. ಒಂದು ರಿಂಗ್‌ಗೆ ಕ್ಲಿಕ್ ಇದೆ. ಅದನ್ನು 8ಕ್ಕೆ ಇಟ್ಟರೆ ಇಲ್ಲಿಯವರೆಗೆ ಮಾತ್ರ ಅಂತ ಗಡಿ ಹಾಕಿದ ಹಾಗೆ. ಇನ್ನೊಂದು ರಿಂಗ್‌ಗೆ ಕ್ಲಿಕ್ ಇಲ್ಲ. ಅದು 2ರಿಂದ 8ರವರೆಗೆ ಸದ್ದಿಲ್ಲದೆ, ನುಣ್ಣಗೆ ತಿರುಗುತ್ತದೆ. 8 ಬಂದಾಗ ತಾನಾಗಿ ನಿಲ್ಲುತ್ತದೆ. ನೋಡುವುದೇ ಬೇಡ. ಕಣ್ಣು ಪೂರ್ತಿ ದೊಡ್ಡಮ್ಮನ ಮೇಲೆ, ಬೆರಳು ರಿಂಗಿನ ಮೇಲೆ. ಅವರು ಹೊಸ್ತಿಲು ದಾಟುವ ಹೊತ್ತಿಗೆ ತಿರುಗಿಸಲು ಶುರು ಮಾಡಿ, ಜಗಲಿ ಇಳಿಯುವ ಹೊತ್ತಿಗೆ ಮುಗಿಸಿದೆ. ಒಳಗೆ ಸ್ವಲ್ಪ ಕತ್ತಲೆಯೇ ಇರಲಿ ಅಂತ ಬಿಟ್ಟೆವು. ನಾಲ್ಕನೇ ಟೇಕ್ ಓಕೆ ಆಯಿತು. ಲ್ಯಾಪ್‌ಟಾಪಿನಲ್ಲಿ ಅದನ್ನು ನೋಡಿದಾಗ ನಮ್ಮ ಕಣ್ಣೇ ಬೆಳಕಿಗೆ ಹೊಂದಿಕೊಳ್ಳುತ್ತಿದೆ ಅನ್ನಿಸಿತು. ಅವತ್ತು ರಾತ್ರಿ ಆ ಶಾಟ್ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಈ ರಿಂಗ್ ವಿಡಿಯೋಗೆ ಅಂತ ಮಾಡಿದ್ದಲ್ಲ. ಸೋವಿಯತ್ ಕಾಲದಲ್ಲಿ ಝೆನಿಟ್ ಫಿಲ್ಮ್ ಕ್ಯಾಮೆರಾಗಳ ಜೊತೆ ಬರುತ್ತಿದ್ದ ಲೆನ್ಸ್ ಇದು. ಅಪರ್ಚರ್ ಮುಚ್ಚಿದರೆ ಆ ಕ್ಯಾಮೆರಾದ ವ್ಯೂಫೈಂಡರ್ ಕೂಡ ಕತ್ತಲಾಗುತ್ತಿತ್ತು. ಅದಕ್ಕೆ 2ರಲ್ಲಿ ಪೂರ್ತಿ ತೆರೆದು ಫೋಕಸ್ ಮಾಡಿ, ಕಣ್ಣು ತೆಗೆಯದೆ ರಿಂಗನ್ನು ಗಡಿಯವರೆಗೆ ತಿರುಗಿಸಿ ಫೋಟೋ ಹೊಡೆಯುತ್ತಿದ್ದರು. ಆ ಕಾಲದ ಫೋಟೋಗ್ರಾಫರ್‌ಗಳ ಅನುಕೂಲಕ್ಕೆ ಮಾಡಿದ್ದು ಇವತ್ತು ನಮ್ಮಂಥವರ ಕೈಗೆ ಬಂದಿದೆ. ಕ್ಲಿಕ್ ಇಲ್ಲದ ಅಪರ್ಚರ್ ಬೇಕು ಅಂತ ಹೊಸ ಸಿನಿಮಾ ಲೆನ್ಸ್ ಕೊಳ್ಳಲು ಹೋದರೆ ನನ್ನ ಬಜೆಟ್ ಅಲ್ಲಿಗೇ ಮುಗಿಯುತ್ತದೆ. ಒಂದು ಮಾತು ನೆನಪಿರಲಿ: ಅಪರ್ಚರ್ ಮುಚ್ಚುತ್ತಾ ಹೋದ ಹಾಗೆ ಹಿಂದಿನದೂ ಸ್ಪಷ್ಟವಾಗುತ್ತಾ ಬರುತ್ತದೆ. ಹಾಗಾಗಿ ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆಯನ್ನೆಲ್ಲ ಮೊದಲೇ ತೆಗೆಸಿಬಿಡಿ.

ಶಾರ್ಪ್‌ನೆಸ್ ಬಗ್ಗೆ ಜಾಸ್ತಿ ಹೇಳಲ್ಲ. 2ರಲ್ಲಿ ಮೆತ್ತಗೆ, 4ರ ಮೇಲೆ ಚೆನ್ನಾಗಿದೆ. ಇದರ ವಿನ್ಯಾಸ ಜರ್ಮನಿಯ ಕಾರ್ಲ್ ಝೈಸ್ ಬಯೋಟಾರ್ ಲೆನ್ಸಿನಿಂದ ಬಂದದ್ದು. ಮುಖದ ಹತ್ತಿರದ ಶಾಟ್‌ಗಳಲ್ಲಿ ಚರ್ಮ ಬಹಳ ಹಿತವಾಗಿ ಕಾಣುತ್ತದೆ.

ಸುರುಳಿ ಬೊಕೆ ಆಸೆಗೆ ಕೊಳ್ಳುವವರು ಒಂದು ವಿಷಯ ತಿಳಿದುಕೊಳ್ಳಿ. ಆ ಸುರುಳಿ ಇರುವುದು ಚಿತ್ರದ ಅಂಚಿನಲ್ಲಿ. ನನ್ನದು ಎಪಿಎಸ್-ಸಿ, ಅಂದರೆ ಹಳೇ ಫಿಲ್ಮಿಗಿಂತ ಚಿಕ್ಕ ಸೆನ್ಸರಿನ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ. ಅದರಲ್ಲಿ ಅಂಚೇ ಕತ್ತರಿಸಿ ಹೋಗುತ್ತದೆ. ಆದರೂ ನಮ್ಮ ಅಡಿಕೆ ತೋಟದಲ್ಲಿ ಸ್ವಲ್ಪ ಸಿಗುತ್ತದೆ. ಪಾತ್ರ ಎರಡು ಮೀಟರ್ ದೂರ ಇರಬೇಕು, ಹಿಂದೆ ದೂರದಲ್ಲಿ ಸೋಗೆಗಳ ಸಂದಿಯಿಂದ ಬಿಸಿಲು ಇಣುಕುತ್ತಿರಬೇಕು, ಅಪರ್ಚರ್ 2ರಲ್ಲಿರಬೇಕು. ಆಗ ಬೆಳಕಿನ ಚುಕ್ಕೆಗಳು ಬೆಕ್ಕಿನ ಕಣ್ಣಿನ ಹಾಗೆ ಓರೆಯಾಗುತ್ತವೆ. ಬಯಲಲ್ಲಿ ನಿಂತು ಅದನ್ನು ಹುಡುಕಿದರೆ ಸಿಗಲ್ಲ.

ಅಂಚು ಕತ್ತರಿಸುವ ಅದೇ ಕ್ರಾಪ್ ಕಾರಣಕ್ಕೆ 58 ಎಂಎಂ ಲೆನ್ಸ್ ಸುಮಾರು 87 ಎಂಎಂನಷ್ಟು ನೋಟ ಕೊಡುತ್ತದೆ. ಮನೆಯೊಳಗೆ ಬೆನ್ನು ಗೋಡೆಗೆ ತಾಗಿದರೂ ಇಬ್ಬರು ಫ್ರೇಮಿನಲ್ಲಿ ಕೂರುವುದು ಕಷ್ಟ. ವೈಡ್ ಶಾಟ್ ಎಲ್ಲಾ ನಾನು ಹಳೆ ಕಿಟ್ ಲೆನ್ಸಿನಲ್ಲೇ ತೆಗೆಯುತ್ತೇನೆ.

ಸೆಟ್ಟಿಂಗ್ ಕೇಳುವವರಿಗೆ: ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, 1/50ರಲ್ಲಿ ಸರಿಯಾಗಿ ಎರಡು ಮಿನುಗು ಸೇರಿಕೊಳ್ಳುತ್ತದೆ, ಪಟ್ಟೆ ಬರಲ್ಲ. ತೊಂದರೆ ಇರುವುದು ಹೊರಗಿನ ಬಿಸಿಲಲ್ಲಿ. ಐಎಸ್ಒ (ಸೆನ್ಸರ್ ಬೆಳಕು ಹಿಡಿಯುವ ಸೂಕ್ಷ್ಮತೆ) 100 ಇಟ್ಟು, ಲೆನ್ಸನ್ನು 16ಕ್ಕೆ ಮುಚ್ಚಿದರೂ ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಬೆಳಕು ಜಾಸ್ತಿಯೇ. 2ರಲ್ಲೇ ತೆಗೆಯಬೇಕು ಅಂದರೆ ಏಳು ಸ್ಟಾಪ್ ಕಡಿಮೆ ಮಾಡಬೇಕು. ಬೆಳಕು ತಗ್ಗಿಸುವ ಕಪ್ಪು ಗಾಜು, ಅಂದರೆ ಎನ್‌ಡಿ ಫಿಲ್ಟರ್ ಇಲ್ಲದೆ ಆಗದು. ಇದರ ಫಿಲ್ಟರ್ ಅಳತೆ 49 ಎಂಎಂ. ತೋಟದ ನೆರಳಲ್ಲಿ ಮಾತ್ರ ನಾನು ಅದನ್ನು ಬಿಚ್ಚಿಡುತ್ತೇನೆ.

ಫೋಕಸ್ ಎಲ್ಲಾ ಕೈಯಲ್ಲೇ. ರಿಂಗ್ ಉದ್ದಕ್ಕೆ ತಿರುಗುತ್ತದೆ, ಆತುರ ಮಾಡಿದರೆ ತಪ್ಪುತ್ತದೆ. ಚಿಕ್ಕಪ್ಪನ ಮಗ ಮೊದಲ ದಿನ, 'ಅಣ್ಣ, ಇದು ನನ್ನ ಕೈಲಿ ಆಗಲ್ಲ' ಅಂದ. ರಿಂಗಿನ ಮೇಲೆ ಬಿಳಿ ಟೇಪ್ ಅಂಟಿಸಿ, ಪಾತ್ರ ನಿಲ್ಲುವ ಎರಡು ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊಟ್ಟೆ. ಈಗ ಅವನಿಗೆ ಗುರುತೂ ಬೇಡ. ನಟರ ಹೆಜ್ಜೆಯ ಲಯ ಅವನ ಕೈಗೆ ಬಂದಿದೆ.

ಇಲ್ಲಿಯವರೆಗೆ ಓದಿ ಆರ್ಡರ್ ಮಾಡಲು ಹೊರಟವರು ಸ್ವಲ್ಪ ತಡೆಯಿರಿ. ಘಟ್ಟದ ಕಡೆಯವರಾದರೆ ಖಂಡಿತ ತಡೆಯಿರಿ.

ಲೆನ್ಸ್ ಬಂದದ್ದು ಒಂದು ಚಂದದ ಚರ್ಮದ ಡಬ್ಬಿಯಲ್ಲಿ. ಅದರಲ್ಲೇ ಇಟ್ಟರೆ ಒಳ್ಳೆಯದು ಅಂತ ಮಾರಿದವರು ಹೇಳಿದ್ದರು. ಆರಿದ್ರಾ ಮಳೆ ಹಿಡಿಯಿತು. ಆಗುಂಬೆ ನಮಗೆ ದೂರವಿಲ್ಲ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಥಂಡಿ ಮಾತ್ರ ಒಂದೇ. ಶೂಟಿಂಗ್ ಇಲ್ಲ ಅಂತ ಲೆನ್ಸನ್ನು ಡಬ್ಬಿ ಸಮೇತ ಬೀರುವಿನಲ್ಲಿಟ್ಟೆ. ಗಣೇಶನ ಹಬ್ಬದ ಹೊತ್ತಿಗೆ ತೆಗೆದರೆ ಚರ್ಮದ ಮೇಲೆಲ್ಲ ಬಿಳಿ ಬೂಷ್ಟು. ಎದೆ ಧಸಕ್ಕೆಂದಿತು. ಫೋನಿನ ಟಾರ್ಚ್ ಹಿಡಿದು ಹಿಂದಿನಿಂದ ನೋಡಿದೆ. ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಹಾಗೆ ಸಣ್ಣ ಎಳೆಗಳು. ಫಂಗಸ್.

ಆ ವಾರ ದೀಪ ಹಚ್ಚುವ ಶಾಟ್ ತೆಗೆದಾಗ ಜ್ವಾಲೆಯ ಸುತ್ತ ಹಾಲು ಚೆಲ್ಲಿದ ಹಾಗೆ ಮಂಜು. ಎಷ್ಟು ಒರೆಸಿದರೂ ಹೋಗಲಿಲ್ಲ, ಯಾಕೆಂದರೆ ಅದು ಒಳಗಿತ್ತು. ಬೆಂಗಳೂರಿನ ಒಬ್ಬ ರಿಪೇರಿಯವರಿಗೆ ಕಳಿಸಿದೆ. ಬಿಚ್ಚಿ ತೊಳೆದು ಕೊಟ್ಟರು. ಆದರೆ ಎರಡು ಕಡೆ ಬೂಷ್ಟು ಗಾಜಿನ ಮೇಲಿನ ಕೋಟಿಂಗನ್ನು ತಿಂದಿತ್ತು. ಅದು ವಾಪಸ್ ಬರಲ್ಲ ಅಂದರು. ಈ ಬೂಷ್ಟು ಬೆಳೆಯುವಾಗ ಆಮ್ಲ ಬಿಡುತ್ತದೆ, ಅದೇ ಕೋಟಿಂಗನ್ನು ತಿನ್ನುವುದು.

ನನಗೆ ಆಗ ನಿಜವಾಗಲೂ ಸಿಟ್ಟು ಬಂದಿತ್ತು. ಈ ಲೆನ್ಸ್ ಬಗ್ಗೆ ಎಷ್ಟೊಂದು ವಿಮರ್ಶೆ ಓದಿದ್ದೆ, ವಿಡಿಯೋ ನೋಡಿದ್ದೆ. ಹಳೇ ಲೆನ್ಸನ್ನು ಮಲೆನಾಡಿನಲ್ಲಿ ಹೇಗೆ ಇಟ್ಟುಕೊಳ್ಳಬೇಕು ಅಂತ ಒಬ್ಬರೂ ಒತ್ತಿ ಹೇಳಿರಲಿಲ್ಲ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಕತ್ತಲೆ ಬೀರುವಿನಲ್ಲಿ ಗಾಳಿ ಆಡುವುದಿಲ್ಲ, ಬೂಷ್ಟಿಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಅದಕ್ಕೇ ಈ ಭಾಗವನ್ನು ಇಷ್ಟು ಕಷ್ಟ ಪಟ್ಟು ಬರೆಯುತ್ತಿರುವುದು.

ದಾರಿ ತೋರಿಸಿದ್ದು ಅಮ್ಮ. ಅಜ್ಜಿ ಮೊದಲು, ಒಲೆ ಮೇಲಿನ ಅಟ್ಟದಲ್ಲಿ ಇಡು, ಬೀಜದ ಬುಟ್ಟಿ ಎಲ್ಲಾ ಅಲ್ಲೇ ಚೆನ್ನಾಗಿರುತ್ತದೆ ಅಂದಿದ್ದರು. ಒಣಗಿರುವುದೇನೋ ಹೌದು, ಆದರೆ ಹೊಗೆಯ ಜಿಡ್ಡು ಗಾಜಿಗೆ ಆಗದು. ಅಮ್ಮ ಮಾತ್ರ ಏನೂ ಹೇಳದೆ ಒಂದು ಖಾಲಿ ಹಪ್ಪಳದ ಡಬ್ಬಿ ತಂದುಕೊಟ್ಟರು. ಮುಚ್ಚಳಕ್ಕೆ ರಬ್ಬರ್ ಬಳೆ, ನಾಲ್ಕೂ ಕಡೆ ಲಾಕ್, ಒಳಗಿರುವುದು ಹೊರಗೆ ಕಾಣುತ್ತದೆ. ಹಲಸಿನ ಹಪ್ಪಳ ಮುಂದಿನ ಮಳೆಗಾಲದವರೆಗೆ ಗರಿಗರಿ ಉಳಿಯುವುದು ಅಂಥ ಡಬ್ಬಿಯಲ್ಲೇ. ಮಳೆ ಹೊಡೆಯುವಾಗ ತೆಗೆಯಬೇಡ, ಹೊಳವಾದಾಗ ತೆಗೆದು ಬೇಗ ಮುಚ್ಚು ಅಂತ ಹಪ್ಪಳಕ್ಕೆ ಹೇಳುವುದನ್ನೇ ಲೆನ್ಸ್‌ಗೂ ಹೇಳಿದರು.

ಈಗ ಎರಡು ವರ್ಷದಿಂದ ನಡೆಯುತ್ತಿರುವುದು ಹೀಗೆ. ಶೂಟಿಂಗ್ ಮುಗಿಸಿ ಬಂದ ಮೇಲೆ ಉಂಬಳ ಹತ್ತಿದೆಯಾ ಅಂತ ಕಾಲು ನೋಡಿಕೊಳ್ಳುವುದು ಮೊದಲ ಕೆಲಸ, ಲೆನ್ಸ್ ಎರಡನೆಯದು. ಹಳೇ ಪಂಚೆಯ ತುಂಡಿನಿಂದ ಹೊರಮೈ ಒರೆಸುತ್ತೇನೆ. ಫೋಕಸ್ ರಿಂಗಿನ ಗೀರುಗಳಲ್ಲಿ ನೀರು ಕೂತಿರುತ್ತದೆ, ಅಲ್ಲಿ ಬ್ರಶ್ ಆಡಿಸುತ್ತೇನೆ. ಗಾಜಿನ ಮೇಲೆ ಬೆರಳ ಗುರುತು ಇದ್ದರೆ ಅವತ್ತೇ ತೆಗೆಯಬೇಕು, ಬೂಷ್ಟಿಗೆ ಆ ಜಿಡ್ಡೇ ಊಟ. ಆಮೇಲೆ ಅರ್ಧ ಗಂಟೆ ಫ್ಯಾನಿನ ಕೆಳಗೆ. ಅಷ್ಟರಲ್ಲಿ ಒಂದು ಲೋಟ ಕಷಾಯ ಕುಡಿದು, ಫೂಟೇಜ್ ಕಾಪಿಗೆ ಹಾಕುತ್ತೇನೆ. ಕೊನೆಗೆ ಎರಡೂ ಮುಚ್ಚಳ ಹಾಕಿ ಡಬ್ಬಿಯೊಳಗೆ ಇಟ್ಟು, ನಾಲ್ಕು ಲಾಕ್ ಒತ್ತುತ್ತೇನೆ. ಟಪ್, ಟಪ್, ಟಪ್, ಟಪ್. ಆ ಸದ್ದು ಕೇಳಿದ ಮೇಲೆಯೇ ನನಗೆ ದಿನ ಮುಗಿದ ಹಾಗೆ.

ಒಳಗೆ ಒಂದು ಪುಟ್ಟ ತೇವಮಾಪಕ ಇದೆ. ತೇವ ಶೇಕಡಾ 40ರಿಂದ 50ರ ನಡುವೆ ಇರಬೇಕು. 60 ದಾಟಲು ಬಿಡಬಾರದು. 30ಕ್ಕಿಂತ ಕೆಳಗೂ ಬೇಡ, ರಿಂಗಿನೊಳಗಿನ ಗ್ರೀಸ್ ಒಣಗುವ ಭಯ ಇರುತ್ತದೆ. ಸಿಲಿಕಾ ಜೆಲ್ ಅನ್ನು ಎರಡು ಬಟ್ಟೆಚೀಲದಲ್ಲಿ ಹೊಲಿದಿಟ್ಟಿದ್ದೇನೆ. ಒಂದು ಒಳಗೆ, ಒಂದು ತಯಾರಾಗಿ ಹೊರಗೆ. ನೀಲಿ ಬಣ್ಣದ ಜೆಲ್ ತೇವ ಹೀರಿ ಗುಲಾಬಿ ಆಗುತ್ತದೆ. ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅಡುಗೆ ಪಾತ್ರೆಯಲ್ಲಿ ಖಂಡಿತ ಬಿಸಿ ಮಾಡಬೇಡಿ. ನಾನು ಕಿತ್ತಳೆ ಬಣ್ಣದ್ದಕ್ಕೆ ಬದಲಾಯಿಸಿದೆ. ಅದು ಹಸಿರಾದಾಗ ಚೀಲದಿಂದ ಸುರಿದು, ಅದಕ್ಕಂತಲೇ ಇಟ್ಟ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕೂರುತ್ತೇನೆ. ನಿಧಾನಕ್ಕೆ ಮತ್ತೆ ಕಿತ್ತಳೆ ಬಣ್ಣ ಮರಳುವುದನ್ನು ನೋಡುವುದು ಒಂದು ಖುಷಿ. ಉರಿ ಜಾಸ್ತಿ ಮಾಡಿದರೆ ಬಣ್ಣ ಕೆಟ್ಟು ಹೋಗುತ್ತದೆ.

ಚಳಿಗಾಲದ ಬೆಳಗ್ಗೆ ಮಂಜಿನಲ್ಲಿ ಶೂಟ್ ಮಾಡುವವರಿಗೆ ಇನ್ನೊಂದು ಮಾತು. ತಣ್ಣಗಿನ ಲೆನ್ಸನ್ನು ನೇರ ಅಡುಗೆಮನೆಯ ಬೆಚ್ಚಗಿನ ಗಾಳಿಗೆ ತಂದರೆ ಗಾಜಿನ ಮೇಲೆ ನೀರು ಕೂರುತ್ತದೆ. ಹೊರಗಿರುವಾಗಲೇ ಜಿಪ್ ಕವರಿನಲ್ಲಿ ಹಾಕಿ ಒಳಗೆ ತನ್ನಿ, ಬೆಚ್ಚಗಾಗುವವರೆಗೆ ತೆರೆಯಬೇಡಿ.

ಆಮೇಲೆ ಎರಡು ಮಳೆಗಾಲ ಕಳೆದವು. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡುತ್ತೇನೆ, ಹೊಸ ಎಳೆ ಒಂದೂ ಇಲ್ಲ. ಹಳೇ ಗಾಯ ಎರಡು ಹಾಗೇ ಇವೆ. ಸೂರ್ಯ ನೇರ ಎದುರಿಗಿದ್ದರೆ ಸಣ್ಣ ಮಸುಕು ಬರುತ್ತದೆ, ಉಳಿದಂತೆ ಕಾಣುವುದೇ ಇಲ್ಲ. ಸಿಟ್ಟೂ ಇಳಿದಿದೆ. ದಿನಾ ಕೈಯಲ್ಲಿ ಹಿಡಿದು ಒರೆಸುತ್ತಾ ಇದರ ಒಂದೊಂದು ತಿರುವೂ ನನಗೆ ಗೊತ್ತಾಗಿದೆ. ಕತ್ತಲಲ್ಲೂ ಯಾವ ರಿಂಗ್ ಎಲ್ಲಿದೆ ಅಂತ ಬೆರಳಿಗೆ ತಿಳಿಯುತ್ತದೆ.

ಕೊಳ್ಳುವವರು ಸೀರಿಯಲ್ ನಂಬರ್ ನೋಡಿ. ಸಾಮಾನ್ಯವಾಗಿ ಅದರ ಮೊದಲ ಎರಡು ಅಂಕಿ ತಯಾರಾದ ವರ್ಷ ಹೇಳುತ್ತವೆ. ಟಾರ್ಚ್ ಬೆಳಕು ಹಾಯಿಸಿ ತೆಗೆದ ಒಳಗಿನ ಫೋಟೋ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಹೆಸರಿನಲ್ಲಿ 44ಎಂ ಅಂತ ಇದ್ದರೆ ಅದು ಬೇರೆ, ಅದರಲ್ಲಿ ನಾನು ಹೊಗಳಿದ ಈ ಎರಡು ರಿಂಗಿನ ವ್ಯವಸ್ಥೆ ಇಲ್ಲ. ಈ ಲೆನ್ಸನ್ನು ಇವತ್ತಿನ ಕ್ಯಾಮೆರಾಕ್ಕೆ ಕೂರಿಸಲು ಎಂ42 ಅಡಾಪ್ಟರ್ ಬೇಕು. ಕ್ಯಾಮೆರಾದ ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶೂಟ್ ಆಗುವ ಆಯ್ಕೆ ಆನ್ ಮಾಡಿ. ಇಲ್ಲದಿದ್ದರೆ ಕೆಲವು ಕ್ಯಾಮೆರಾ ರೆಕಾರ್ಡ್ ಮಾಡುವುದಿಲ್ಲ.

ನನಗೆ ಬಿದ್ದ ಖರ್ಚು: ಲೆನ್ಸ್ 4,800, ಅಡಾಪ್ಟರ್ 650, ಎನ್‌ಡಿ ಫಿಲ್ಟರ್ 1,400, ತೇವಮಾಪಕ 350, ಜೆಲ್ 300, ರಿಪೇರಿ 1,500. ಒಟ್ಟು 9,000 ರೂಪಾಯಿ. ಮೊದಲ ದಿನವೇ ಡಬ್ಬಿಯಲ್ಲಿ ಇಟ್ಟಿದ್ದರೆ 7,500ಕ್ಕೆ ಮುಗಿಯುತ್ತಿತ್ತು. ದಿನಾ ಹತ್ತು ನಿಮಿಷ ಕೊಡಲು ಆಗದವರು, ಆಟೋ ಫೋಕಸ್ ಬೇಕೇ ಬೇಕು ಅನ್ನುವ ಮದುವೆ ಶೂಟಿಂಗಿನವರು ಇದನ್ನು ತಗೊಳ್ಳಬೇಡಿ. ಕಥೆ ಹೇಳುವ ಆಸೆ ಇದ್ದು, ಕೈಯಲ್ಲಿ ದುಡ್ಡು ಕಡಿಮೆ ಇರುವವರು ಧೈರ್ಯವಾಗಿ ತಗೊಳ್ಳಿ.

ಈಗ ಪುಷ್ಯ ಮಳೆ ಹೊಡೆಯುತ್ತಿದೆ. ತೇವ ಕೋಣೆಯಲ್ಲಿ 91, ಡಬ್ಬಿಯೊಳಗೆ 46. ದೊಡ್ಡಮ್ಮ ಗೊರಬು ಹಾಕಿಕೊಂಡು ಜಗಲಿ ಇಳಿಯುವ ಒಂದು ಶಾಟ್ ಬಾಕಿ ಇದೆ. ನಾಳೆ ಒಂದು ಗಳಿಗೆ ಹೊಳವಾದರೆ ತೆಗೆಯುವುದು. ಕ್ಲಿಕ್ ರಿಂಗನ್ನು ಈಗಲೇ 5.6ಕ್ಕೆ ಇಟ್ಟಿದ್ದೇನೆ.