ತೆವಳುವ ರಸ್ತೆಗೆ ಯಾವ ಕಾರು: ಡೀಸೆಲ್, ಎಲೆಕ್ಟ್ರಿಕ್, ಹೈಬ್ರಿಡ್‌ಗಳ ಖರ್ಚಿನ ಹೋಲಿಕೆ

ನಗರವು ಹೊರಗೆ ಹೊರಗೆ ಹಬ್ಬುತ್ತ ಹೋದಂತೆ ಮನೆಗೂ ಕಚೇರಿಗೂ ನಡುವಿನ ದೂರ ಹೆಚ್ಚುತ್ತದೆ. ಆದರೆ ಹೀಗೆ ಹೆಚ್ಚಿದ ದೂರದ ಬಹುಪಾಲನ್ನು ಕಾರು ಓಡಿ ಕ್ರಮಿಸುವುದಿಲ್ಲ, ತೆವಳಿ ಕ್ರಮಿಸುತ್ತದೆ. ನಾನು ಓಡಿಸಿ ನೋಡಿದ ಮೂರು ಬಗೆಯ ಕಾರುಗಳ ಖರ್ಚಿನ ವ್ಯತ್ಯಾಸವೆಲ್ಲ ಹುಟ್ಟಿದ್ದು ಇದರಿಂದಲೇ. ಈಗ ನನ್ನ ಬಳಿ ಇರುವುದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ, ಪ್ಲಗ್ಗಿಗೆ ಸಿಕ್ಕಿಸಬೇಕಿಲ್ಲದ ಕಾರು. ಅದಕ್ಕೂ ಮೊದಲು ಡೀಸೆಲ್ ಕಾರು ಇತ್ತು, ನಡುವೆ ಕೆಲವು ಕಾಲ ಎಲೆಕ್ಟ್ರಿಕ್ ಕಾರೊಂದನ್ನು ಬಾಡಿಗೆಗೆ ಪಡೆದು ಅದೇ ದಾರಿಯಲ್ಲಿ ಓಡಿಸಿದ್ದೆ. ನನ್ನ ಒಲವು ಹೈಬ್ರಿಡ್ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಶ್ವಶಕ್ತಿ, ಡಿಕ್ಕಿಯ ಗಾತ್ರ, ಪರದೆಯ ಅಳತೆ ಮುಂತಾದ ವಿವರಗಳು ಎಲ್ಲೆಡೆ ಸಿಗುವುದರಿಂದ ಅವುಗಳ ಗೋಜಿಗೆ ಹೋಗುವುದಿಲ್ಲ.

ದಿನದ ಓಡಾಟ ಹೆಚ್ಚಿದ್ದರೆ ಡೀಸೆಲ್ ಕಾರೇ ಲಾಭ ಎಂಬುದು ಹಳೆಯ ಲೆಕ್ಕ. ಆ ಲೆಕ್ಕಕ್ಕೆ ಆಧಾರವಿಲ್ಲದೆ ಇಲ್ಲ: ಒಂದು ಲೀಟರ್ ಡೀಸೆಲ್‌ನಲ್ಲಿ ಅಷ್ಟೇ ಪೆಟ್ರೋಲಿಗಿಂತ ಹೆಚ್ಚು ಶಕ್ತಿಯಿರುತ್ತದೆ, ಡೀಸೆಲ್ ಎಂಜಿನ್ ಆ ಶಕ್ತಿಯನ್ನು ಹೆಚ್ಚು ಸಮರ್ಥವಾಗಿ ಬಳಸಿಕೊಳ್ಳುತ್ತದೆ. ಪಂಪಿನಲ್ಲಿ ಟ್ಯಾಂಕು ತುಂಬಿಸುವಾಗಲೆಲ್ಲ ಆ ಕಾರು ನನಗೆ ಸಮಾಧಾನವನ್ನೇ ಕೊಟ್ಟಿತು. ತಕರಾರು ಬಂದದ್ದು ಹೊಗೆಕೊಳವೆಯಲ್ಲಿ ಕುಳಿತ ಡಿಪಿಎಫ್ ಎಂಬ ಫಿಲ್ಟರಿನಿಂದ.

ಎಂಜಿನ್ನಿನಿಂದ ಹೊರಬರುವ ಮಸಿಯನ್ನು ಗಾಳಿಗೆ ಬಿಡದೆ ಹಿಡಿದಿಡುವುದು ಇದರ ಕೆಲಸ. ಹಿಡಿದ ಮಸಿ ಆಗಾಗ ಸುಟ್ಟುಹೋಗಬೇಕು, ಇಲ್ಲದಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಹೊಗೆಯ ಬಿಸಿಗೇ ಸ್ವಲ್ಪ ಸ್ವಲ್ಪವಾಗಿ ಮಸಿ ಸುಡುತ್ತದೆ. ಊರೊಳಗೆ ಅಷ್ಟು ಬಿಸಿ ಹುಟ್ಟುವುದಿಲ್ಲವಾದ್ದರಿಂದ ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತದೆ. ಈ ಕ್ರಿಯೆ ಮುಗಿಯಲು ಹತ್ತಿಪ್ಪತ್ತು ನಿಮಿಷ ನಿಲ್ಲಿಸದೆ, ಒಂದೇ ವೇಗದಲ್ಲಿ ಓಡಿಸಬೇಕು. ಸಿಗ್ನಲ್‌ನಿಂದ ಸಿಗ್ನಲ್‌ಗೆ ಸಾಗುವವನಿಗೆ ಅಂಥ ಹತ್ತು ನಿಮಿಷ ಎಲ್ಲಿಂದ ಬರಬೇಕು?

ಮನೆಯ ಮುಂದೆ ಕಾರು ನಿಲ್ಲಿಸಿ ಕೀ ತೆಗೆದ ಮೇಲೂ ಬಾನೆಟ್ಟಿನೊಳಗೆ ಫ್ಯಾನು ಬುಸುಗುಡುತ್ತಿದ್ದರೆ, ಸುಟ್ಟ ವಾಸನೆ ಮೂಗಿಗೆ ಬಡಿದರೆ, ಸುಡುವ ಕೆಲಸ ಅರ್ಧಕ್ಕೇ ನಿಂತಿದೆ ಎಂದರ್ಥ. ಆಗ ನನ್ನ ಮುಂದೆ ಎರಡೇ ದಾರಿಗಳಿದ್ದವು: ಮತ್ತೆ ಕಾರು ತೆಗೆದು ಕಾರಣವಿಲ್ಲದೆ ಊರ ಹೊರಗೊಂದು ಸುತ್ತು ಹಾಕಿ ಬರುವುದು, ಇಲ್ಲವೇ ಮರುದಿನ ಅದೇ ಕ್ರಿಯೆ ಮೊದಲಿನಿಂದ ಶುರುವಾಗಿ ಮತ್ತೆ ಅರ್ಧಕ್ಕೆ ನಿಲ್ಲುವುದನ್ನು ನೋಡುವುದು. ಅರ್ಧಕ್ಕೆ ನಿಂತಾಗಲೆಲ್ಲ ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಒಮ್ಮೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಬೆರಳಿಗೆ ಹಚ್ಚಿ ಉಜ್ಜಿದರೆ ನೀರಾಗಿತ್ತು, ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಆಯಿಲ್ ಕಡಿಮೆಯಾದರೆ ಚಿಂತಿಸುವುದನ್ನು ಎಲ್ಲರೂ ಬಲ್ಲರು, ಹೆಚ್ಚಾದರೆ ಇನ್ನೂ ಹೆಚ್ಚು ಚಿಂತಿಸಬೇಕೆಂದು ಹೇಳುವವರು ಕಡಿಮೆ.

ಗ್ಯಾರೇಜಿನಲ್ಲಿ ಕಂಪ್ಯೂಟರ್ ಜೋಡಿಸಿ ಬಲವಂತವಾಗಿ ಮಸಿ ಸುಡಿಸಿದ್ದಾಯಿತು, ಅವಧಿಗೆ ಮೊದಲೇ ಆಯಿಲ್ ಬದಲಿಸಿದ್ದಾಯಿತು. “ವಾರಕ್ಕೊಂದ್ಸಲ ಹೈವೇ ಮೇಲೆ ಚೆನ್ನಾಗಿ ಓಡಿಸ್ಕೊಂಡು ಬನ್ನಿ ಸರ್, ಏನೂ ಆಗಲ್ಲ” ಎಂದರು ಮೆಕ್ಯಾನಿಕ್. ಇಂಧನ ಉಳಿಸಲೆಂದು ಕೊಂಡ ಕಾರಿನ ಹೊಟ್ಟೆ ಶುದ್ಧವಾಗಲೆಂದು ವಾರಕ್ಕೊಮ್ಮೆ ಇಂಧನ ಸುಡಬೇಕೆಂಬ ಈ ಸಲಹೆ ತಾಂತ್ರಿಕವಾಗಿ ಸರಿಯಾದದ್ದೇ, ಅದೇ ಅದರಲ್ಲಿನ ದುಃಖ. ಅಷ್ಟರಲ್ಲಿ ಹೊಸ ವರ್ತುಲ ರಸ್ತೆ ತೆರೆಯಿತು, ಕೆಲವು ಕಾಲ ಕಾರು ನಿಜವಾಗಿಯೂ ಓಡಿತು, ಎಚ್ಚರಿಕೆಯ ದೀಪವೂ ಆರಿತು. ಬಳಿಕ ಆ ರಸ್ತೆಯೂ ತುಂಬಿತು. ದಟ್ಟಣೆಯ ಹೊತ್ತಿನಲ್ಲಿ ಹೊಸ ಎಕ್ಸ್‌ಪ್ರೆಸ್‌ವೇಗಳು ತಮ್ಮ ಸಾಮರ್ಥ್ಯದ ಮಟ್ಟಕ್ಕೆ ತುಂಬಿಕೊಳ್ಳುತ್ತವೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಬರೆದಿದ್ದರು. ಹೊಸ ರಸ್ತೆ ಬಂದರೆ ನನ್ನ ಫಿಲ್ಟರ್ ಸರಿಹೋದೀತೆಂದು ಕಾಯುವುದರಲ್ಲಿ ಅರ್ಥ ಉಳಿಯಲಿಲ್ಲ. ಫಿಲ್ಟರನ್ನೇ ಬದಲಿಸಬೇಕೆಂದು ಹೇಳಿದ ಮೊತ್ತ ಹಳೆಯ ಕಾರಿನ ಬೆಲೆಯಲ್ಲಿ ದೊಡ್ಡ ಪಾಲನ್ನೇ ನುಂಗುವಂತಿತ್ತು. ಮಾರಿಬಿಟ್ಟೆ.

ಎಲೆಕ್ಟ್ರಿಕ್ ಕಾರಿನ ಬಗ್ಗೆ ಹೇಳುವುದು ಕಡಿಮೆ ಇದೆ, ಏಕೆಂದರೆ ಅದು ತೊಂದರೆಯನ್ನೇ ಕೊಡಲಿಲ್ಲ. ನಿಂತಾಗ ಏಸಿ ಹೊರತು ಹೆಚ್ಚೇನೂ ಖರ್ಚಿಲ್ಲ, ಕಿಲೋಮೀಟರ್ ಲೆಕ್ಕದಲ್ಲಿ ಮೂರರಲ್ಲೂ ಅಗ್ಗ. ಆದರೆ ಆ ಅಗ್ಗತನವೆಲ್ಲ ಮನೆಯ ಪ್ಲಗ್ಗಿನಲ್ಲಿದೆ. ನನ್ನ ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಇಲ್ಲ. ಸಾರ್ವಜನಿಕ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ ಮನೆಯ ದರಕ್ಕಿಂತ ಬಹಳ ಹೆಚ್ಚು ತೆರಬೇಕು, ಜೊತೆಗೆ ಸರದಿಯಲ್ಲಿ ಕಾಯಬೇಕು. ಸ್ವಂತ ಪಾರ್ಕಿಂಗಿನಲ್ಲಿ ಪ್ಲಗ್ ಉಳ್ಳವರು ಈ ಲೇಖನದ ಉಳಿದ ಭಾಗವನ್ನು ಓದಬೇಕಾಗಿಯೇ ಇಲ್ಲ.

ರೈಲಿನ ಮಾಸಿಕ ಪಾಸು ಈ ಮೂರಕ್ಕಿಂತಲೂ ಅಗ್ಗ; ನಿಲ್ದಾಣದಿಂದ ಕಚೇರಿಗೆ ನಡೆದು ಹೋಗುವಂತಿದ್ದರೆ ನಾನು ಕಾರನ್ನೇ ಇಟ್ಟುಕೊಳ್ಳುತ್ತಿರಲಿಲ್ಲ.

ಇನ್ನು ಹೈಬ್ರಿಡ್. ಜಪಾನಿನಲ್ಲಿ 1997ರಲ್ಲಿ ಟೊಯೋಟಾ ಪ್ರಿಯಸ್ ಮಾರಾಟಕ್ಕೆ ಬಂದಾಗಿನಿಂದ ಈ ತಂತ್ರ ಪಳಗುತ್ತ ಬಂದಿದೆ, ಹಾಗಾಗಿ ಹಳೆಯ ಕಾರು ಕೊಳ್ಳುವವರಿಗೂ ಆಯ್ಕೆಗಳಿವೆ. ಬ್ರೇಕ್ ಹಾಕಿದಾಗ ಬೇರೆ ಕಾರುಗಳಲ್ಲಿ ಬಿಸಿಯಾಗಿ ಹೋಗುವ ಶಕ್ತಿಯ ಒಂದು ಪಾಲು ಇಲ್ಲಿ ಬ್ಯಾಟರಿಗೆ ಮರಳುತ್ತದೆ. ಮುಂದಿನ ಹತ್ತಿಪ್ಪತ್ತು ಮೀಟರ್ ತೆವಳುವುದು ಅದೇ ಶಕ್ತಿಯಿಂದ, ಎಂಜಿನ್ ಮಲಗಿರುವಾಗಲೇ. ಈ ಕಾರಣದಿಂದ ಉಳಿದ ಕಾರುಗಳಿಗೆ ಶಾಪವಾದ ದಟ್ಟಣೆಯಲ್ಲೇ ಇದರ ಮೈಲೇಜು ಚೆನ್ನಾಗಿದೆ, ಹೆದ್ದಾರಿಯಲ್ಲಿ ಸಾಧಾರಣ. ನನ್ನ ಕಾರಿನ ಮಾದರಿಯಲ್ಲಿ ಸವೆಯುವ ಕ್ಲಚ್ ಇಲ್ಲ, ಬೇರೆಯಾದ ಸ್ಟಾರ್ಟರ್ ಮೋಟಾರ್ ಇಲ್ಲ. ಬ್ರೇಕ್ ಪ್ಯಾಡುಗಳು ಸವೆಯುವುದೂ ನಿಧಾನ.

ಮೈಲೇಜಿನ ಅಂಕಿ ಓದುವಾಗ ಒಂದು ಎಚ್ಚರ ಬೇಕು. ಲೀಟರಿಗೆ 10 ಕಿ.ಮೀ. ಕೊಡುತ್ತಿದ್ದ ಕಾರನ್ನು ಬಿಟ್ಟು 15 ಕೊಡುವುದನ್ನು ಕೊಂಡರೆ ನೂರು ಕಿಲೋಮೀಟರಿಗೆ 3.3 ಲೀಟರ್ ಉಳಿಯುತ್ತದೆ. 20ರಿಂದ 30ಕ್ಕೆ ಹೋದರೆ ಉಳಿಯುವುದು 1.7 ಲೀಟರ್ ಮಾತ್ರ. ಈಗಾಗಲೇ ಚೆನ್ನಾಗಿ ಮೈಲೇಜು ಕೊಡುತ್ತಿರುವ ಸಣ್ಣ ಪೆಟ್ರೋಲ್ ಕಾರನ್ನು ಮಾರಿ ಹೈಬ್ರಿಡ್ ಕೊಳ್ಳುವುದು ಆದ್ದರಿಂದಲೇ ಅಷ್ಟಾಗಿ ಗಿಟ್ಟುವುದಿಲ್ಲ. ಅಲ್ಲದೆ ಹೊಸ ಕಾರಿನಲ್ಲಿ ಮೊದಲ ವರ್ಷಗಳ ದೊಡ್ಡ ಖರ್ಚು ಇಂಧನದ್ದಲ್ಲ, ಕುಸಿಯುವ ಮರುಮಾರಾಟ ಬೆಲೆಯದು. ಆ ಕುಸಿತವನ್ನು ಇನ್ನೊಬ್ಬರು ಹೊತ್ತು ಮುಗಿಸಿದ ಮೇಲೆ ಕೊಳ್ಳುವುದು ನನ್ನ ಪದ್ಧತಿ.

ದೋಷಗಳಿಲ್ಲ ಎನ್ನಲಾರೆ. ಬ್ಯಾಟರಿಯನ್ನು ತಂಪಾಗಿಡುವ ಗಾಳಿ ಹಿಂದಿನ ಸೀಟಿನ ಪಕ್ಕದ ಜಾಲರಿಯಿಂದ ಒಳಗೆ ಹೋಗುತ್ತದೆ, ಅಲ್ಲಿನ ಫಿಲ್ಟರಿನಲ್ಲಿ ಧೂಳು ಕಂಬಳಿಯಂತೆ ಕೂರುತ್ತದೆ. ಕ್ಲಿಪ್ಪು ಬಿಡಿಸಿ ಬ್ರಷ್ಷಿನಿಂದ ಉಜ್ಜಿದರೆ ಆಯಿತು, ಆದರೆ ಇದನ್ನು ಹಿಂದಿನ ಮಾಲೀಕರು ಎಂದೂ ಮಾಡಿರಲಿಲ್ಲ. ಅದೇ ಜಾಲರಿಗೆ ಚೀಲ ಒರಗಿಸಿಡುವ ಅಭ್ಯಾಸವನ್ನು ಮನೆಯವರಿಗೆ ಬಿಡಿಸುವುದು ಇನ್ನೂ ಸಾಧ್ಯವಾಗಿಲ್ಲ. ಅದೇ ವಯಸ್ಸಿನ ಪೆಟ್ರೋಲ್ ಕಾರಿಗಿಂತ ಬೆಲೆಯೂ ಹೆಚ್ಚು. ಕೊಳ್ಳುವ ಮೊದಲು ಬ್ಯಾಟರಿಯ ಒಂದೊಂದು ಭಾಗದ ವೋಲ್ಟೇಜನ್ನೂ ಸ್ಕ್ಯಾನರಿನಲ್ಲಿ ನೋಡಿಸದೆ ಮುಂಗಡ ಕೊಡಬಾರದು. ಒಂದು ಭಾಗ ಉಳಿದವುಗಳಿಗಿಂತ ಕೆಳಗೆ ಜಾರುತ್ತಿದ್ದರೆ ಆ ಕಾರನ್ನು ಬಿಟ್ಟುಬಿಡಿ.

ಖಾಲಿ ಹೆದ್ದಾರಿಯಲ್ಲೇ ದಿನವೂ ದೂರ ಹೋಗುವವರಿಗೆ ಡೀಸೆಲ್ ಇಂದಿಗೂ ಸರಿಯೇ. ನಾನಾದರೋ ದಟ್ಟಣೆಯ ಹೊತ್ತಿಗೇ ಹೊರಡುವವನು, ನಿಧಾನವಾಗಿ ಓಡಿಸುವವನು, ಕಾರು ಕೈಕೊಡುವವರೆಗೂ ಮಾರದವನು. ಈ ಬ್ಯಾಟರಿಯ ಆಯುಷ್ಯ ಮುಗಿಯುವುದರೊಳಗೆ ನಮ್ಮ ಅಪಾರ್ಟ್‌ಮೆಂಟಿನವರು ಪಾರ್ಕಿಂಗಿಗೆ ಪ್ಲಗ್ ಹಾಕಿಸಿದರೆ ಮುಂದಿನದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್, ಹಾಕಿಸದಿದ್ದರೆ ಇನ್ನೊಂದು ಹೈಬ್ರಿಡ್.