ಯುಪಿಐ ಲೈಟ್: ಅಪ್ಪಯ್ಯನ ಫೋನಿನಲ್ಲಿ ಕೊನೆಗೂ ನಿಂತ ದುಡ್ಡಿನ ಆ್ಯಪ್

ನಮ್ಮ ಮನೆ ತೀರ್ಥಹಳ್ಳಿ–ಆಗುಂಬೆ ರಸ್ತೆಯಿಂದ ಒಳಗೆ. ಅಪ್ಪಯ್ಯನಿಗೆ ಸ್ಮಾರ್ಟ್‌ಫೋನ್ ಹೊಸದಲ್ಲ. ಯೂಟ್ಯೂಬ್‌ನಲ್ಲಿ ಯಕ್ಷಗಾನ ನೋಡುತ್ತಾರೆ. ಅಡಿಕೆಯ ರಾಶಿ, ಬೆಟ್ಟೆ ಧಾರಣೆ ವಾಟ್ಸ್‌ಆ್ಯಪ್‌ನಲ್ಲಿ ನೋಡದೆ ಮಲಗುವುದಿಲ್ಲ. ಇದನ್ನೆಲ್ಲ ಕಲಿಯಿರಿ ಅಂತ ಯಾರೂ ಒತ್ತಾಯ ಮಾಡಲಿಲ್ಲ. ದುಡ್ಡಿನ ಆ್ಯಪ್ ಮಾತ್ರ ಬೇಡವೇ ಬೇಡ ಅನ್ನುತ್ತಿದ್ದರು. "ಅಡಿಕೆ ದುಡ್ಡೆಲ್ಲ ಅದೇ ಖಾತೆಲಿದೆ ಮಾರಾಯ, ಏನೋ ಒತ್ತಿ ಏನೋ ಆದ್ರೆ?"

ವಯಸ್ಸಾದವರಿಗೆ ಮೊಬೈಲ್ ಬರಲ್ಲ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಯಕ್ಷಗಾನ ಹುಡುಕಲು ಬರುವವರಿಗೆ ಕ್ಯೂಆರ್ ಸ್ಕ್ಯಾನ್ ಮಾಡಲು ಬರಲ್ವಾ? ಅವರು ಹಾಕುವ ಲೆಕ್ಕ ಬೇರೆ: ತಪ್ಪಾದರೆ ಎಷ್ಟು ಹೋದೀತು? ವಿಡಿಯೊ ತಪ್ಪಿದರೆ ಏನೂ ಹೋಗುವುದಿಲ್ಲ. ಇಲ್ಲಿ ಇಡೀ ವರ್ಷದ ಫಸಲಿನ ದುಡ್ಡು.

ಯುಪಿಐ ಲೈಟ್ ಹಿಡಿಸಿದ್ದು ಅದಕ್ಕೇ. ಭೀಮ್‌ನಂಥ ಯುಪಿಐ ಆ್ಯಪ್‌ಗಳ ಒಳಗೇ ಇರುವ, ಸಣ್ಣ ಪಾವತಿಗೆಂದೇ ಮಾಡಿದ ಪರ್ಸ್ ಇದು. 2022ರಲ್ಲಿ ಇದು ಶುರುವಾದಾಗ ಒಂದು ಸಲಕ್ಕೆ 200 ರೂಪಾಯಿ ಮಾತ್ರ ಕಳಿಸಬಹುದಿತ್ತು. ಈಗ ಮಿತಿ 1,000 ರೂಪಾಯಿ, ಒಳಗೆ ಇಡಬಹುದಾದ್ದು ಹೆಚ್ಚೆಂದರೆ 5,000. ಬೇಕಾದಷ್ಟನ್ನು ಖಾತೆಯಿಂದ ಮೊದಲೇ ತುಂಬಿಟ್ಟುಕೊಳ್ಳಬೇಕು. ಪ್ರತಿ ಸಲ ಪಿನ್ ಒತ್ತಬೇಕಿಲ್ಲ. ಅಪ್ಪಯ್ಯ 500 ತುಂಬಿಸಿಕೊಳ್ಳುತ್ತಾರೆ, ಜಾಸ್ತಿ ಬೇಡ ಅನ್ನುತ್ತಾರೆ. ಅಂಗಿ ಜೇಬಿನಲ್ಲಿ ಇಷ್ಟೇ ದುಡ್ಡು ಇಟ್ಟುಕೊಂಡು ಪೇಟೆಗೆ ಹೋದ ಹಾಗೆ. ಭೀಮ್ ಆ್ಯಪ್ ಕನ್ನಡದಲ್ಲೇ ಇರುವುದೂ ಅನುಕೂಲವಾಯಿತು. ಅಂಗಡಿಯ ಸೌಂಡ್‌ಬಾಕ್ಸ್ ಇಷ್ಟು ರೂಪಾಯಿ ಬಂತು ಅಂತ ಕನ್ನಡದಲ್ಲಿ ಕೂಗಿದರೆ ಅವರಿಗೆ ಪೂರ್ತಿ ಸಮಾಧಾನ.

ಇನ್ನೊಂದು ಲಾಭ ನನಗೆ ಆಮೇಲೆ ಗೊತ್ತಾಯಿತು. ಸಣ್ಣ ಪಾವತಿಗಳು ಪ್ರತಿ ಸಲ ಬ್ಯಾಂಕಿನ ಸರ್ವರ್‌ವರೆಗೆ ಹೋಗುವುದಿಲ್ಲ. ಹಾಗಾಗಿ "ಪೆಂಡಿಂಗ್" ಅಂತ ತೋರಿಸಿ ಅಂಗಡಿ ಮುಂದೆ ಕಾಯಿಸುವುದು ಬಹಳ ಕಡಿಮೆ. ಪಾಸ್‌ಬುಕ್‌ನಲ್ಲೂ ತುಂಬಿಸಿದ ಮೊತ್ತ ಮಾತ್ರ ಬರುತ್ತದೆ, ಚಹಾ–ಬನ್ಸ್ ಲೆಕ್ಕವೆಲ್ಲ ಆ್ಯಪ್‌ನಲ್ಲೇ ಉಳಿಯುತ್ತದೆ.

ಆದರೆ ಲೈಟ್ ಅಂದರೆ ನೆಟ್ ಬೇಡ ಅಂತ ತಿಳಿಯಬೇಡಿ. ಜುಲೈ ಮಳೆಗೆ ಕರೆಂಟ್ ಹೋಗಿ, ಹಿಂದೆಯೇ ಟವರ್ ಮಲಗಿದರೆ ನೋಟೇ ಗತಿ. ಪಿನ್ ಇಲ್ಲದ ಕಾರಣ ಫೋನಿಗೆ ಸ್ಕ್ರೀನ್ ಲಾಕ್ ಕಡ್ಡಾಯವಾಗಿ ಹಾಕಿಕೊಳ್ಳಿ. ಒಳಗಿಟ್ಟ ದುಡ್ಡಿಗೆ ಬಡ್ಡಿ ಸಿಗಲ್ಲ. ಫೋನ್ ಬದಲಿಸುವ ಮೊದಲು ಉಳಿದದ್ದನ್ನು ಖಾತೆಗೆ ವಾಪಸ್ ಹಾಕಿಕೊಳ್ಳಬೇಕು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಯುಪಿಐ ನೋಂದಣಿಗೆ. ಮೊದಲ ಸಲ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಹೋಗಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ವೈಫೈ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಅಪ್ಪಯ್ಯನನ್ನು ಮನೆ ಹಿಂದಿನ ದರೆ ಹತ್ತಿಸಿ ಅದನ್ನು ಮುಗಿಸಿದೆವು. ಮನೆಯಲ್ಲಿ ಇಬ್ಬರೇ ಇರುವ ವಯಸ್ಸಾದ ಗಂಡ–ಹೆಂಡತಿ ಏನು ಮಾಡಬೇಕು? ಆ್ಯಪ್ ಮಾಡುವವರು ಇದಕ್ಕೊಂದು ದಾರಿ ಹುಡುಕಲೇಬೇಕು.