ಗಿಟಾರ್ ಕಲಿಯೋಕೆ ಮೂರು ದಾರಿ: ಫೋನು, ಗುಂಪು ಕ್ಲಾಸು, ಒಬ್ಬರೇ ಮೇಷ್ಟ್ರು

ಗಿಟಾರ್ ತಂದಿದ್ದು ಮಗನಿಗೆ. ಅವನು ಎರಡು ವಾರ ಹಿಡಿದು ಮೂಲೆಗಿಟ್ಟ. ದುಡ್ಡು ಕೊಟ್ಟ ಸಂಕಟಕ್ಕೆ ನಾನೇ ಎತ್ತಿಕೊಂಡೆ, ನಲವತ್ಮೂರನೇ ವಯಸ್ಸಿಗೆ. ಅಲ್ಲಿಂದ ಐದು ತಿಂಗಳು ಫೋನು ನೋಡಿ ಕಲಿತೆ, ಮೂರು ತಿಂಗಳು ಗುಂಪು ಕ್ಲಾಸಿಗೆ ಹೋದೆ. ಈಗ ಒಂಬತ್ತು ತಿಂಗಳಿಂದ ಒಬ್ಬ ಮೇಷ್ಟ್ರ ಹತ್ತಿರ ಹೋಗುತ್ತಿದ್ದೇನೆ.

ಫೋನನ್ನು ಹಗುರವಾಗಿ ಮಾತಾಡಬೇಡಿ. ಜಸ್ಟಿನ್ ಗಿಟಾರ್ ಅನ್ನೋ ವೆಬ್‌ಸೈಟಿನ ಪಾಠಗಳು 2003ರಿಂದ ಇವೆ, ಬಿಟ್ಟಿ, ಕ್ರಮವಾಗಿವೆ. ಎ ಮೈನರ್ ಕಾರ್ಡ್‌ನಿಂದ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಕೆಲವು ಸ್ವರಗಳ ಗುಂಪು) ಸಿ ಕಾರ್ಡ್‌ಗೆ ಹೋಗುವಾಗ ಮೂರೂ ಬೆರಳು ಎತ್ತಬೇಕಿಲ್ಲ, ಉಂಗುರದ ಬೆರಳೊಂದನ್ನು ಮೂರನೇ ತಂತಿಯಿಂದ ಐದನೇ ತಂತಿಗೆ ದಾಟಿಸಿದರೆ ಸಾಕು ಅಂತ ನನಗೆ ಗೊತ್ತಾಗಿದ್ದು ಫೋನಿಂದಲೇ. ಒಂದು ನಿಮಿಷದಲ್ಲಿ ಎಷ್ಟು ಸಲ ಕಾರ್ಡ್ ಬದಲಾಯಿಸ್ತೀಯ ಅಂತ ಎಣಿಸುವ ಅಭ್ಯಾಸವೂ ಅಲ್ಲಿಂದಲೇ ಬಂತು. ಹನ್ನೆರಡರಿಂದ ಶುರುವಾಗಿ ಮೂವತ್ತೊಂದಕ್ಕೆ ಬಂದೆ. ಆದರೆ ಎಫ್ ಕಾರ್ಡ್‌ಗೆ ಬಂದಾಗ ನಿಂತುಬಿಟ್ಟೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಒತ್ತಬೇಕು. ಒತ್ತಿದರೆ ಟಪ್ ಟಪ್, ಅಷ್ಟೆ. ಅದೇ ವಿಡಿಯೊ ಹದಿನೈದು ಸಲ ನೋಡಿದೆ. ಅವರ ಕೈ ನನಗೆ ಕಾಣುತ್ತಿತ್ತು, ನನ್ನ ಕೈ ಯಾರಿಗೂ ಕಾಣುತ್ತಿರಲಿಲ್ಲ.

ಗುಂಪು ಕ್ಲಾಸು ಬೆಂಗಳೂರಿನ ವಿಜಯನಗರದಲ್ಲಿ, ಮನೆಗೆ ಹತ್ತಿರ ಅಂತ ಸೇರಿದ್ದು. ಒಂಬತ್ತು ಜನ, ಹೆಚ್ಚಿನವರು ಗ್ರೇಡ್ ಪರೀಕ್ಷೆಗೆ ಕೂತ ಮಕ್ಕಳು. ಒಂದು ಗಂಟೆಯಲ್ಲಿ ಕಾಲು ಗಂಟೆ ಒಂಬತ್ತು ಗಿಟಾರ್ ಟ್ಯೂನ್ ಮಾಡೋದಕ್ಕೇ ಹೋಗುತ್ತಿತ್ತು. ಉಳಿದದ್ದನ್ನು ಭಾಗಿಸಿದರೆ ನನ್ನ ಪಾಲಿಗೆ ಐದು ನಿಮಿಷ. ಎಫ್ ಬರ್ತಿಲ್ಲ ಅಂದರೆ 'ಪ್ರಾಕ್ಟೀಸ್ ಮಾಡಿ ಸರ್, ಬರುತ್ತೆ' ಅನ್ನುವ ಉತ್ತರ. ಪಕ್ಕದಲ್ಲಿದ್ದ ಹತ್ತು ವರ್ಷದ ಹುಡುಗಿ ಮಾತ್ರ 'ಅಂಕಲ್, ನಿಮ್ಮ ಗಿಟಾರ್ ಒತ್ತೋಕೆ ತುಂಬಾ ಗಟ್ಟಿ' ಅಂದಳು. ನಾನು ನಕ್ಕು ಸುಮ್ಮನಾದೆ. ಅವಳ ಮಾತು ಕೇಳಬೇಕಿತ್ತು.

ಯಾಕೆಂದರೆ ಬಸವನಗುಡಿಯ ಮೇಷ್ಟ್ರು ಮೊದಲ ದಿನ ನನ್ನ ಬೆರಳಿಗಿಂತ ಮುಂಚೆ ಗಿಟಾರನ್ನು ನೋಡಿದರು. ಹನ್ನೆರಡನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡ ಲೋಹದ ಗೆರೆ) ಹತ್ತಿರ ಒಂದು ಸ್ಟೀಲ್ ಸ್ಕೇಲ್ ನಿಲ್ಲಿಸಿದರು. ತಂತಿ ಫ್ರೆಟ್‌ನಿಂದ ಮೂರೂವರೆ ಮಿಲಿಮೀಟರ್ ಎತ್ತರದಲ್ಲಿತ್ತು. 'ಎರಡೂವರೆ ಇದ್ರೆ ಸಾಕು ಸರ್, ಇದರಲ್ಲಿ ನನಗೂ ಕೈ ನೋಯುತ್ತೆ.' ತಂತಿ ಬಿಚ್ಚಿ, ಬ್ರಿಡ್ಜ್ (ತಂತಿಗಳ ಕೆಳತುದಿ ಸಿಕ್ಕಿಸುವ ಮರದ ತುಂಡು) ಮೇಲಿನ ಬಿಳಿ ಪಟ್ಟಿಯನ್ನು ಕಿತ್ತು, ಅದರ ತಳವನ್ನು ಸ್ಯಾಂಡ್ ಪೇಪರ್ ಮೇಲೆ ನಿಧಾನಕ್ಕೆ ಉಜ್ಜಿದರು. ಸ್ವಲ್ಪ ಉಜ್ಜೋದು, ಹಾಕಿ ನೋಡೋದು, ಮತ್ತೆ ಉಜ್ಜೋದು. ಮೊದಲ ಪಾಠ ಪೂರ್ತಿ ಅದೇ ಆಯಿತು, ಫೀಸು ತಗೊಳ್ಳಲಿಲ್ಲ. ಆಮೇಲೆ ನನ್ನ ಹೆಬ್ಬೆರಳು. ಅದು ಗಿಟಾರ್ ಕತ್ತಿನ ಮೇಲಕ್ಕೆ ಇಣುಕುತ್ತಿತ್ತು. ಹಿಂದಕ್ಕೆ, ನಡುಮಧ್ಯಕ್ಕೆ ಇಳಿಸಿದರು. ಎರಡೇ ನಿಮಿಷದ ಮಾತು, ಎಂಟು ತಿಂಗಳು ಯಾರೂ ಹೇಳಿರಲಿಲ್ಲ.

ಅವರಿಗೆ ಇಪ್ಪತ್ತೇಳು ವರ್ಷ. ಅವರು ನನಗೆ ಸರ್ ಅಂತಾರೆ, ನಾನು ಅವರಿಗೆ ಸರ್ ಅಂತೀನಿ. ಸುಮ್ನೆ 'ಸೂಪರ್' ಅನ್ನೋರಲ್ಲ. 'ಆ ಎರಡನೇ ತಂತಿ ಈಗ ನುಡೀತು, ಕೇಳಿಸ್ತಾ?' ಅಂತಾರೆ. ವಾರವಿಡೀ ಗಿಟಾರ್ ಮುಟ್ಟದೆ ಹೋದರೂ ಮುಖ ಸಿಂಡರಿಸಲ್ಲ. 'ಹಾಗಾದ್ರೆ ಇವತ್ತು ಇಲ್ಲೇ ಪ್ರಾಕ್ಟೀಸ್ ಮಾಡೋಣ' ಅಂತ ಕೂರಿಸ್ತಾರೆ.

ನನ್ನ ಹೆಂಡತಿ ಚಿಕ್ಕಂದಿನಲ್ಲಿ ಸಂಗೀತ ಕಲಿತವಳು, ಅವಳು ಹಾಡೋ ಶ್ರುತಿ, ಅಂದರೆ ಆಧಾರ ಸ್ವರದ ಎತ್ತರ, ಐದೂವರೆ. ಅವಳ ಹಾಡಿಗೆ ನುಡಿಸೋದು ನನ್ನ ಆಸೆ ಅಂದಾಗ ಮೇಷ್ಟ್ರು ತಕ್ಷಣ 'ಐದೂವರೆ ಅಂದ್ರೆ ಜಿ ಶಾರ್ಪ್. ಮೊದಲನೇ ಫ್ರೆಟ್‌ಗೆ ಕಾಪೋ ಹಾಕಿ, ಗೊತ್ತಿರೋ ಜಿ ಕಾರ್ಡ್‌ಗಳನ್ನೇ ಹಿಡೀರಿ' ಅಂದರು. ಕಾಪೋ ಅಂದರೆ ಎಲ್ಲಾ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್ಪು. ಅವತ್ತು ರಾತ್ರಿ ಮನೆಯಲ್ಲಿ ಒಂದು ದೇವರನಾಮಕ್ಕೆ ಮೂರೇ ಕಾರ್ಡ್ ಹಿಡಿದು ಕೂತೆ. ಮಗ ರೂಮಿನಿಂದ ಎದ್ದು ಬಂದು ನೋಡಿದ.

ದುಡ್ಡಿನ ಲೆಕ್ಕ: ಗುಂಪು ಕ್ಲಾಸಿಗೆ ತಿಂಗಳಿಗೆ 2,000 ರೂಪಾಯಿ, ಎಂಟು ತರಗತಿ. ಮೇಷ್ಟ್ರಿಗೆ ಒಂದು ಪಾಠಕ್ಕೆ 700, ವಾರಕ್ಕೊಂದು, ಮುಕ್ಕಾಲು ಗಂಟೆ. ಜೊತೆಗೆ ಮೆಜೆಸ್ಟಿಕ್‌ನಲ್ಲಿ ಗಿಟಾರ್ ಬೆನ್ನಿಗೇರಿಸಿಕೊಂಡು ನೇರಳೆ ಮೆಟ್ರೊದಿಂದ ಹಸಿರು ಮೆಟ್ರೊಗೆ ಬದಲಾಗುವ ಸಾಹಸ. ಶನಿವಾರ ಅವರಿಗೆ ಕಾರ್ಯಕ್ರಮ ಇದ್ದರೆ ಪಾಠ ರದ್ದು. ಇನ್ನೊಂದು ತೊಂದರೆ ಇದೆ: ನಾನು ತಡವರಿಸಿದರೆ ಅವರೂ ನನಗಾಗಿ ನಿಧಾನಿಸ್ತಾರೆ. ಗುಂಪಿನಲ್ಲಿ ಆ ಮುಲಾಜು ಇರಲಿಲ್ಲ. ತಪ್ಪಿದರೆ ಉಳಿದ ಎಂಟು ಜನ ಮುಂದಕ್ಕೆ ಹೋಗೇ ಹೋಗುತ್ತಿದ್ದರು, ಓಡಿ ಹಿಡೀಬೇಕಿತ್ತು. ನನ್ನ ತಾಳ ಸ್ವಲ್ಪ ನಿಂತಿದ್ದರೆ ಅದು ಆ ಮೂರು ತಿಂಗಳ ಪುಣ್ಯ.

ಈಗ ಶುರು ಮಾಡೋರು ಕೇಳಿದರೆ, ಮೊದಲ ಎರಡು ತಿಂಗಳು ಮೇಷ್ಟ್ರಿಗೇ ಖರ್ಚು ಮಾಡಿ ಅಂತೀನಿ. ಕೈ ಕೂತ ಮೇಲೆ ಫೋನು ಬೇಕಾದಷ್ಟು ನೋಡಿ. ನಾನು ಮಾಡಿದ್ದು ಉಲ್ಟಾ, ಕೆಟ್ಟ ಅಭ್ಯಾಸ ಬಿಡಿಸೋಕೆ ಎರಡು ತಿಂಗಳು ಜಾಸ್ತಿ ಹಿಡಿಯಿತು.

ಎಫ್ ಇನ್ನೂ ಪೂರ್ತಿ ಬಂದಿಲ್ಲ. ಹೋದ ವಾರ ಆರರಲ್ಲಿ ಐದು ತಂತಿ ನುಡಿದವು.